ಓಡಿಸೋದು ಸರಿ, ನಿಲ್ಲಸೋದು?

"ಓಡಸೋದು ನಾ ನೋಡ್ಕೋತೀನಿ ಬೇಟಾ. ನಿಲ್ಲಸೋದು ಯಾರು ನೋಡ್ಕೋತಾರ?"

ರವಿವಾರ ನಮ್ಮ ಕಲಬುರಗಿಯ ಕಪನೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಉಸ್ತಾದ್ ನನ್ನ ಅಕ್ಕನ ಮಗನಿಗೆ ಕೇಳಿದ ಮಾತಿದು. ವಾರ ಮುಗಿಯುತ್ತಾ ಬಂತು, ಇನ್ನೂ ತಲೆಯಿಂದ ಇಳಿದಿಲ್ಲ. ಜಗತ್ ಸರ್ಕಲ್ಲಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಅವರ ಮುಖ ಎದುರಿಗೆ ಬರುತ್ತದೆ.

ಗಾಡಿ ನಮ್ಮ ಕಾಕಾನದು. ಹಳೇ ಪ್ರೀಮಿಯರ್ ಪದ್ಮಿನಿ ಕಾರು. 1089 ಸಿಸಿ ಎಂಜಿನ್, ಸುಮಾರು 40 ಅಶ್ವಶಕ್ತಿ, ಸ್ಟೇರಿಂಗ್ ಪಕ್ಕದಲ್ಲೇ ಹ್ಯಾಂಡಲ್ ಗೇರ್. ಅಳಿಯನಿಗೆ ಇದರೊಳಗೆ ಮಾರುತಿ ಜಿಪ್ಸಿ ಜೀಪಿನ ಎಂಜಿನ್ ಕೂರಿಸಬೇಕು. 1298 ಸಿಸಿ, 80 ಅಶ್ವಶಕ್ತಿ. ಅಂದರೆ ಎರಡರಷ್ಟು ಜೋರು. ಜಿಪ್ಸಿಯದೇ ಯಾಕೆ? ಮಾರುತಿಯದೇ ಎಸ್ಟೀಮ್ ಕಾರಿನಲ್ಲೂ 1298 ಸಿಸಿ ಎಂಜಿನ್ ಇದೆ, ಆದರೆ ಅದು ಅಡ್ಡ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಜಿಪ್ಸಿಯದು ಉದ್ದಕ್ಕೆ ಕೂರುತ್ತದೆ, ಹಿಂದಿನ ಚಕ್ರ ತಿರುಗಿಸುವ ಶಾಫ್ಟ್ ಕೊಡಬಹುದು, ಪದ್ಮಿನಿಗೆ ಬೇಕಾದ ಹಾಗೆ. ಹುಡುಗ ಓದಿಕೊಂಡೇ ಬಂದಿದ್ದ, ಅದರಲ್ಲಿ ಎರಡು ಮಾತಿಲ್ಲ. ಅವರಪ್ಪನ ಗುಣ ಅದು. ಓದುವುದು ಪೂರ್ತಿ, ಇನ್ನೊಬ್ಬರ ಮಾತು ಕೇಳುವುದು ಅರ್ಧ.

ಉಸ್ತಾದ್ ಮೊದಲು ಬಾನೆಟ್ ಎತ್ತುತ್ತಾರೆ ಅಂದುಕೊಂಡಿದ್ದೆ. ಎತ್ತಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲಲ್ಲಿ ಡ್ರೈವರ್ ಸೀಟಿನಲ್ಲಿ ಕೂತರು. ಬ್ರೇಕ್ ಪೆಡಲ್ ಒತ್ತಿದರು. ಅದು ಸುಮ್ನೆ ಕೆಳಗೆ ಹೋಯಿತು. ಇನ್ನೊಮ್ಮೆ ಒತ್ತಿದರು, ಸ್ವಲ್ಪ ಗಟ್ಟಿಯಾಯಿತು. ಮೂರನೇ ಸಲಕ್ಕೆ ನಿಂತಿತು. ಆಮೇಲೆ ಹೊರಗೆ ಬಂದು ಬಾನೆಟ್ ಎತ್ತಿ, ಗೇಣು ಹಾಕಿ ಒಳಗಿನ ಜಾಗ ಅಳೆದರು. "ಎಂಜಿನ್ ಕೂಡ್ತದ" ಅಂದರು. ಅಳಿಯನ ಮುಖ ಅರಳಿತು. ಆಗಲೇ ಆ ಪ್ರಶ್ನೆ ಬಂದದ್ದು.

"ಬ್ರೇಕ್ ಅದಾವಲ್ಲ ಚಾಚಾ" ಅಂದ ಅವನು.

"ಅದಾವ. ನಾಲ್ಕೂ ಕಡೆ ಡ್ರಮ್. ಅವು ಈ ಎಂಜಿನ್‌ಗೇ ಸಾಕಾಗ್ಯಾವ. ಹೇಳು, ನಿಲ್ಲಸೋದು ಯಾರು?"

ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ವೇಗ ಎರಡು ಪಟ್ಟು ಆದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು ಆಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇ. 50ಕ್ಕೆ ನಿಲ್ಲುವ ಗಾಡಿ 100ಕ್ಕೆ ನಿಲ್ಲುವುದು ಬೇರೆಯೇ ಕಥೆ. ಆ ಲೆಕ್ಕ ಉಸ್ತಾದ್ ಯಾವ ಪುಸ್ತಕದಲ್ಲೂ ಓದಿಲ್ಲ, ಪಾದದಲ್ಲಿ ಇಟ್ಟುಕೊಂಡಿದ್ದಾರೆ.

ಮನೆಗೆ ಬರುವಾಗ ಅಳಿಯ ಮಿನಿ ಕೂಪರ್ ಕಥೆ ತೆಗೆದ. "ಮಾಮಾ, ಅಷ್ಟು ಚಿಕ್ಕ ಗಾಡಿಗೆ ದೊಡ್ಡ ಎಂಜಿನ್ ಹಾಕಿ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದಾರ." ನಿಜ. 1959ರಲ್ಲಿ ಬಂದ ಮಿನಿಯದು 848 ಸಿಸಿ, 34 ಅಶ್ವಶಕ್ತಿ. 1961ರಲ್ಲಿ ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್ ಹಟಕ್ಕೆ ಬಿದ್ದು ಅದನ್ನು 997 ಸಿಸಿ, 55 ಅಶ್ವಶಕ್ತಿಗೆ ಏರಿಸಿದರು. 1964ರಲ್ಲಿ 1071 ಸಿಸಿಯ ಕೂಪರ್ ಎಸ್ ಆ ರ‍್ಯಾಲಿ ಗೆದ್ದಿತು. ಆದರೆ ಎಂಜಿನ್ ಏರಿಸಿದ ಅದೇ 1961ರಲ್ಲಿ ಮುಂದಿನ ಚಕ್ರಗಳಿಗೆ ಡ್ರಮ್‌ಗಿಂತ ಚೆನ್ನಾಗಿ ಹಿಡಿಯುವ ಡಿಸ್ಕ್ ಬ್ರೇಕನ್ನೂ ಹಾಕಿದ್ದರು. ಅದನ್ನು ಹೇಳಿದೆ. "ಹೌದಲ್ಲ" ಅಂದು ಮೊಬೈಲಿಗೆ ಮುಖ ಹಾಕಿದ.

ಬ್ರೇಕ್ ಒಂದೇ ಅಲ್ಲ. ದೊಡ್ಡ ಎಂಜಿನ್ ಅಂದರೆ ಜಾಸ್ತಿ ಕಾವು, ನಮ್ಮೂರಲ್ಲೋ ಬೇಸಿಗೆಗೆ 42-43 ಡಿಗ್ರಿ. ರೇಡಿಯೇಟರ್ ಬದಲಿಸಬೇಕು. ಗೇರ್ ಬಾಕ್ಸ್ ಬದಲಾಗುತ್ತದೆ, ಶಾಫ್ಟ್ ಕೊಯ್ದು ಅಳತೆಗೆ ಕೂಡಿಸಬೇಕು. ಹಿಂದಿನ ಆಕ್ಸಲ್ ತಡೆಯುತ್ತದೋ ಇಲ್ಲವೋ ನೋಡಬೇಕು. ಕಾಗದಪತ್ರ ಇನ್ನೊಂದು ಗೋಳು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ಮೂಲ ರೂಪ ಬದಲಿಸಬಾರದು ಎಂದು ಖಡಕ್ಕಾಗಿ ಹೇಳಿದೆ. ಮೊದಲು ಆರ್‌ಟಿಒ ಒಪ್ಪಿಗೆ, ಆಮೇಲೆ ಪಾನಾ ಹಿಡಿಯಬೇಕು. ಇದನ್ನೆಲ್ಲ ಅವನು "ನೋಡೋಣ" ಅನ್ನುವ ಒಂದೇ ಶಬ್ದದಲ್ಲಿ ಮುಗಿಸಿದ.

ಅವನನ್ನೊಬ್ಬನನ್ನೇ ಅಂದು ಏನು ಉಪಯೋಗ? ನಮ್ಮ ಕಡೆ ಸೆಕೆಂಡ್ಸ್ ಗಾಡಿ ನೋಡಲು ಹೋದವರು ಕೇಳುವುದು ಎರಡೇ. "ಪಿಕಪ್ ಹ್ಯಾಂಗದ? ಆವರೇಜ್ ಎಷ್ಟು ಕೊಡ್ತದ?" ಬ್ರೇಕ್ ಹೇಗಿದೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಜೋರಾಗಿ ಓಡುವುದು ಗಾಡಿಯ ಕೆಲಸ, ನಿಲ್ಲಿಸುವುದು ರೋಡಿನ ಕೆಲಸ. ಅದಕ್ಕೇ ಓಣಿಗೊಂದು ಹಂಪ್. ರಿಂಗ್ ರೋಡಿನಲ್ಲಿ ಯಾರಿಗಾದರೂ ಗಾಡಿ ಬಡಿದರೆ ಮರುದಿನ ಮೊದಲು ಕೇಳಿಬರುವ ಬೇಡಿಕೆಯೂ ಅದೇ, ಇಲ್ಲೊಂದು ಹಂಪ್ ಹಾಕಿಸಿ. ಮಕ್ಕಳಿಗೆ ಹದಿನೆಂಟು ತುಂಬುವ ಮೊದಲೇ ಜೋರು ಬೈಕ್ ಕೊಡಿಸುವ ಅಪ್ಪಂದಿರು ಆ ಬೇಡಿಕೆಯಲ್ಲಿ ಮುಂದೆ ನಿಂತಿರುತ್ತಾರೆ. ನೋಡಿದರೆ ಮೈ ಉರಿಯುತ್ತದೆ.

ಸಂಜೆ ಕಾಕಾನ ಹತ್ತಿರ ಕೂತಾಗ ನಾನು ಪದ್ಮಿನಿಯ ಪರ ವಕಾಲತ್ತು ಹಾಕಿದೆ. ಸಣ್ಣವರಿದ್ದಾಗ ಗಾಣಗಾಪುರಕ್ಕೆ ಹೋಗುತ್ತಿದ್ದದ್ದು, ಚೌಡಾಪುರ ಮುಟ್ಟುವುದರೊಳಗೆ ರೇಡಿಯೇಟರ್ ಕುದಿಯುತ್ತಿದ್ದದ್ದು, ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದದ್ದು, ಎಲ್ಲ ತೆಗೆದೆ. ಎಷ್ಟು ಚಂದ ಇತ್ತಲ್ಲ ಕಾಕಾ ಅಂದೆ.

"ನೀವು ಕೂಡ್ತಿದ್ದದ್ದು ಹಿಂದಿನ ಸೀಟಿನಾಗ" ಅಂದ ಕಾಕಾ. "ಬಾನೆಟ್ ಎತ್ತಿ ಕೈ ಸುಟ್ಕೊಂಡಾಂವ ನಾ. ಆಗ ಕೈಯಾಗ ರೊಕ್ಕ ಇದ್ದಿದ್ರ ಅವತ್ತೇ ದೊಡ್ಡ ಎಂಜಿನ್ ಹಾಕಸ್ತಿದ್ದೆ."

ಅಳಿಯ ಕುಣಿದಾಡುವುದೊಂದು ಬಾಕಿ. "ಕೇಳಿದ್ಯಾ ಮಾಮಾ? ಮುತ್ಯಾನೇ ಹೇಳ್ಲತ್ತಾನ!"

"ತಡಿ ತಡಿ. ಹ್ಯಾಂಡಲ್ ಗೇರ್ ಮಾತ್ರ ತಗೀಬ್ಯಾಡ" ಅಂದ ಕಾಕಾ.

ಅಲ್ಲಿಗೆ ಗಾಡಿ ನಿಂತಿತು. ಜಿಪ್ಸಿ ಗೇರ್ ಬಾಕ್ಸ್ ಅಂದರೆ ಗೇರ್ ನೆಲದಿಂದ ಮೇಲೆ ಬರುತ್ತದೆ. ಮುಂದಿನ ಉದ್ದ ಸೀಟಿಗೂ ಕತ್ತರಿ ಬೀಳಬಹುದು. ಎರಡೂ ಒಟ್ಟಿಗೆ ಆಗುವುದಿಲ್ಲ ಎಂದು ಹುಡುಗ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ. ಕಾಕಾ ಕನ್ನಡಕ ಹಾಕಿಕೊಂಡು ನೋಡಿದ, ಮಡಚಿ ಕಿಸೆಯಲ್ಲಿ ಇಟ್ಟುಕೊಂಡ. "ಉಸ್ತಾದ್ ಏನಂದ್ರು?" ಎಂದು ನನ್ನನ್ನು ಕೇಳಿದ. ಹೇಳಿದೆ. "ಮತ್ತ ಮೊದಲ ಅದು ಮಾಡ್ರಿ. ಎಂಜಿನ್ ಎಲ್ಲಿಗೂ ಓಡಿ ಹೋಗಂಗಿಲ್ಲ."

ಅಳಿಯ ಸೋಮವಾರವೇ ಪುಣೆ ಬಸ್ ಹತ್ತಿದ. ಪದ್ಮಿನಿಗೆ ಬ್ರೇಕಿನ ಮಾಸ್ಟರ್ ಸಿಲಿಂಡರ್ ಹುಡುಕಿ ಉಸ್ತಾದರಿಗೆ ಮುಟ್ಟಿಸುವ ಕೆಲಸ ನನ್ನ ತಲೆಗೆ ಬಂದಿದೆ. ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯವರು ಶನಿವಾರ ಬಾ ಅಂದಿದ್ದಾರೆ.