ಎಂಜಲಿಗೆ ಮೋಟಾರು ಕಟ್ಟಿದ ಹಾಗೆ

ಮೈಸೂರು, 24 ಡಿಸೆಂಬರ್ 2023, ಭಾನುವಾರ

ರಾತ್ರಿ ಹನ್ನೊಂದೂವರೆ ಆಗಿದೆ. ಚಾಕೊಲೇಟ್ ಕಾರಂಜಿಯ ಕೊನೆಯ ತಟ್ಟೆಯನ್ನು ತೊಳೆದು, ಒರೆಸಿ, ಹಳೆಯ ಪಂಚೆಯ ಮೇಲೆ ಬೋರಲು ಹಾಕಿ ಈಗಷ್ಟೇ ಬಂದು ಕುಳಿತಿದ್ದೇನೆ. ಅಕ್ಕನ ಮಗಳಿಗೆ ಇಂದು ಹತ್ತು ತುಂಬಿತು. ದೊಡ್ಡ ಕೇಕು ಬೇಡ, ಬೃಂದಾವನದಲ್ಲಿರುವಂತಹ ಕಾರಂಜಿ ಬೇಕು, ಆದರೆ ಅದರಲ್ಲಿ ಚಾಕೊಲೇಟ್ ಹರಿಯಬೇಕು ಎಂದು ಅವಳು ಮೂರು ವಾರಗಳಿಂದ ಹಟ ಹಿಡಿದಿದ್ದಳು. ಚಿಕ್ಕಮ್ಮನಾದ ನನ್ನ ಪಾಲಿಗೆ ಆ ಕೆಲಸ ಬಂದಿತು.

ಮೊದಲು ಯಂತ್ರವನ್ನು ಕೊಳ್ಳಬೇಕೋ ಬಾಡಿಗೆಗೆ ತರಬೇಕೋ ಎಂಬ ಚರ್ಚೆ ನಡೆಯಿತು. ಮನೆಬಳಕೆಗೆಂದು ಮಾರುವ ಸಣ್ಣ ಕಾರಂಜಿಗಳನ್ನು ಎರಡು ಅಂಗಡಿಗಳಲ್ಲಿ ನೋಡಿದೆ. ಅವುಗಳ ಬಟ್ಟಲು ಒಂದು ಕಿಲೋ ಚಾಕೊಲೇಟನ್ನು ಹಿಡಿಸಿದರೆ ಹೆಚ್ಚು. ಚಾಕೊಲೇಟನ್ನು ಮೇಲಕ್ಕೆತ್ತುವ ನಡುವಿನ ತಿರುಪು ಪ್ಲಾಸ್ಟಿಕ್ಕಿನದು, ಬಿಸಿಗೂ ಮೋಟಾರಿಗೂ ಒಂದೇ ಗುಂಡಿ. ಐದಾರು ಜನ ಮೇಜಿನ ಸುತ್ತ ಕುಳಿತು ತಿನ್ನುವುದಕ್ಕೆ ಅದು ಸಾಕು. ಮೂವತ್ತನಾಲ್ಕು ಜನರ ಸಮಾರಂಭಕ್ಕೆ ಸಾಲದು. ಆದ್ದರಿಂದ ಮೂರು ಅಂತಸ್ತಿನ ಸ್ಟೀಲಿನ ಕಾರಂಜಿಯನ್ನು ಎರಡು ದಿನಗಳ ಮಟ್ಟಿಗೆ ಬಾಡಿಗೆಗೆ ತಂದೆವು. ಆರಿಸುವಾಗ ನಾನು ಮೂರು ಸಂಗತಿಗಳನ್ನು ನೋಡಿಕೊಂಡೆ: ಬಿಸಿ ಮತ್ತು ಮೋಟಾರಿಗೆ ಬೇರೆ ಬೇರೆ ಗುಂಡಿಗಳಿರಬೇಕು, ತಿರುಪನ್ನೂ ಕೊಳವೆಯನ್ನೂ ಬಿಚ್ಚಿ ತೊಳೆಯುವಂತಿರಬೇಕು, ಕಾಲುಗಳನ್ನು ತಿರುಗಿಸಿ ಎತ್ತರ ಹೊಂದಿಸುವಂತಿರಬೇಕು. ಮನೆಗೆ ತಂದು ನೋಡಿದರೆ ಒಂದು ಕಾಲಿನ ರಬ್ಬರು ಇರಲೇ ಇಲ್ಲ. ಕೊಳವೆಯೊಳಗೆ ಬೆರಳಾಡಿಸಿದಾಗ ತೇವವೂ ಕೈಗೆ ತಾಗಿತು. ತೊಳೆದು ಒಣಗಿಸದೆ ಕೊಟ್ಟಿದ್ದರು. ಅದನ್ನು ಹಾಗೆಯೇ ಬಳಸಿದ್ದರೆ ಏನಾಗುತ್ತಿತ್ತು ಎಂಬುದು ನಿನ್ನೆ ಸಂಜೆಯ ಪ್ರಯೋಗದಲ್ಲಿ ತಿಳಿಯಿತು. ಅದನ್ನು ಮುಂದೆ ಬರೆಯುತ್ತೇನೆ.

ಚಾಕೊಲೇಟಿನ ಆಯ್ಕೆಯಲ್ಲಿ ಭಾವ ತಲೆಹಾಕಿದರು. ಅವರ ಮನೆ ಪುತ್ತೂರಿನ ಕಡೆ, ಅಡಕೆ ತೋಟದ ನಡುವೆ ಕೋಕೋ ಗಿಡಗಳಿವೆ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದ ಕಾಲದ ಮಾತುಗಳನ್ನು ಮನೆಯಲ್ಲಿ ಕೇಳುತ್ತಲೇ ಬೆಳೆದವರು. ಬೇಕರಿ ಸಾಮಗ್ರಿಯ ಅಂಗಡಿಯಲ್ಲಿ ಎರಡು ಬಗೆಯ ಗಟ್ಟಿಗಳಿದ್ದವು. ಒಂದು ಕಾಂಪೌಂಡ್, ಅದರಲ್ಲಿ ಕೋಕೋ ಬೆಣ್ಣೆಯ ಬದಲಿಗೆ ತಾಳೆಯಂತಹ ಬೇರೆ ಸಸ್ಯದ ಕೊಬ್ಬನ್ನು ಹಾಕಿರುತ್ತಾರೆ. ಇನ್ನೊಂದು ಕೂವರ್ಚರ್, ಅದರಲ್ಲಿ ಕಡಿಮೆಯೆಂದರೂ ಶೇಕಡಾ 31ರಷ್ಟು ಕೋಕೋ ಬೆಣ್ಣೆಯೇ ಇರಬೇಕು ಎಂಬ ನಿಯಮವಿದೆ. ಎರಡನೆಯದರ ಬೆಲೆ ಮೊದಲನೆಯದರ ದುಪ್ಪಟ್ಟಿಗೂ ಹೆಚ್ಚು. ಕಾಂಪೌಂಡ್ ಅಗ್ಗ, ಕರಗಿಸುವುದೂ ಸುಲಭ, ಮಕ್ಕಳಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಅಂಗಡಿಯವರು ಹೇಳಿದರು. ಭಾವ ಎರಡನ್ನೂ ಒಂದೊಂದು ಚೂರು ಬಾಯಿಗೆ ಹಾಕಿಕೊಂಡು, "ಇದು ಬೆಣ್ಣೆ ತೆಗೆದ ಮಜ್ಜಿಗೆಗೆ ಡಾಲ್ಡಾ ಕಲಸಿದ ಹಾಗಿದೆ" ಎಂದರು. ಮಾತು ಕಟುವಾದರೂ ಸುಳ್ಳಲ್ಲ: ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ನಮ್ಮ ಮೈ ಬಿಸಿಗಿಂತ ತುಸು ಕೆಳಗೇ, ಕರಗಿಬಿಡುತ್ತದೆ, ಕಾಂಪೌಂಡಿನ ಕೊಬ್ಬು ಮಾತ್ರ ಅಂಗುಳಕ್ಕೆ ಜಿಡ್ಡಾಗಿ ಅಂಟಿ ನಿಲ್ಲುತ್ತದೆ. ಖರ್ಚು ಭಾವನದೇ ಆದ್ದರಿಂದ ನಾನು ವಾದ ಮಾಡಲಿಲ್ಲ. ಕೂವರ್ಚರ್ ಮೂರು ಕಿಲೋ ತಂದೆವು.

ಎಷ್ಟು ತರಬೇಕು ಎಂಬ ಲೆಕ್ಕದಲ್ಲಿ ನಾನು ಮೊದಲು ಎಡವಿದ್ದೆ. ತಲೆಗೆ ನಲವತ್ತು ಗ್ರಾಂ ಎಂದು ಹಿಡಿದರೆ ಒಂದೂವರೆ ಕಿಲೋ ಸಾಕು ಎಂದುಕೊಂಡಿದ್ದೆ. ಆದರೆ ಈ ವಿಷಯದಲ್ಲಿ ಅತಿಥಿಗಳ ಹಸಿವಿಗಿಂತ ಯಂತ್ರದ ಹಸಿವೇ ದೊಡ್ಡದು. ಬಟ್ಟಲು ತುಂಬಿ, ತಿರುಪು ಅದನ್ನು ಕೊಳವೆಯೊಳಗಿನಿಂದ ಮೇಲಕ್ಕೆತ್ತಿ, ಮೂರೂ ತಟ್ಟೆಗಳ ಅಂಚಿನಿಂದ ಪರದೆಯಂತೆ ಇಳಿಸಬೇಕಾದರೆ ಈ ಕಾರಂಜಿಗೆ ಎರಡೂವರೆ ಕಿಲೋ ಬೇಕೇ ಬೇಕು. ಅದಕ್ಕಿಂತ ಕಡಿಮೆಯಾದರೆ ತಿರುಪು ಚಾಕೊಲೇಟಿನ ಬದಲು ಗಾಳಿಯನ್ನು ಎತ್ತುತ್ತದೆ.

ಉಳಿದ ಅರ್ಧ ಕಿಲೋವನ್ನು ನಿನ್ನೆ ಪ್ರಯೋಗಕ್ಕೆಂದು ಕರಗಿಸಲು ಹೋಗಿ ಕೆಡಿಸಿದೆ. ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯನ್ನು ಇಟ್ಟಿದ್ದೆ; ಪಕ್ಕದಿಂದ ಎದ್ದ ಹಬೆ ಒಳಗೆ ಹೊಕ್ಕಿತು. ನುಣ್ಣಗೆ ಹೊಳೆಯುತ್ತಿದ್ದ ಚಾಕೊಲೇಟ್ ಅರೆನಿಮಿಷದಲ್ಲಿ ಒರಟು ಮುದ್ದೆಯಾಗಿ ಸೌಟಿಗೆ ಅಂಟಿಕೊಂಡಿತು. ಚಾಕೊಲೇಟಿನಲ್ಲಿರುವ ಸಕ್ಕರೆಯ ಪುಡಿ ಕೊಬ್ಬಿನ ನಡುವೆ ಒಣಗಿಯೇ ಇರುತ್ತದೆ. ಚಮಚದಷ್ಟು ನೀರು ತಗುಲಿದರೂ ಆ ಕಣಗಳ ಮೈ ಪಾಕವಾಗಿ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ವಿಚಿತ್ರವೆಂದರೆ, ಸ್ವಲ್ಪ ನೀರಿನಿಂದ ಕೆಟ್ಟದ್ದನ್ನು ಇನ್ನೂ ಹೆಚ್ಚು ಹಾಕಿ ಸರಿಪಡಿಸಬಹುದು. ಅಮ್ಮ ಬಿಸಿ ಹಾಲು ಸುರಿದು ಕಡೆದರು. ಅದು ಕಾರಂಜಿಗೆ ಬರುವುದಿಲ್ಲವಾದರೂ ಮಕ್ಕಳಿಗೆಲ್ಲ ಒಂದೊಂದು ಲೋಟ ಕುಡಿಯಲು ಸಿಕ್ಕಿತು. ಇದಾದ ಮೇಲೆ ನಾನು ಕಾರಂಜಿಯ ಕೊಳವೆ, ತಿರುಪು, ತಟ್ಟೆಗಳನ್ನೆಲ್ಲ ಬಿಚ್ಚಿ, ಒಣಬಟ್ಟೆಯಿಂದ ಒರೆಸಿ, ರಾತ್ರಿಯಿಡೀ ಫ್ಯಾನಿನ ಕೆಳಗೆ ಹರಡಿಟ್ಟೆ. ಇಂದು ಚಾಕೊಲೇಟನ್ನು ಮೈಕ್ರೋವೇವಿನಲ್ಲಿ ಅರ್ಧರ್ಧ ನಿಮಿಷ ಇಟ್ಟು, ಪ್ರತಿ ಸಲವೂ ಹೊರತೆಗೆದು ಕಲಕಿ ಕರಗಿಸಿದೆ.

ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ಹೋಗಿ ಏಲಕ್ಕಿ ಬಾಳೆ ಮತ್ತು ಅನಾನಸ್ ತಂದೆ. ಚಳಿಗಾಲವಾದ್ದರಿಂದ ಸ್ಟ್ರಾಬೆರಿಯೂ ಚೆನ್ನಾಗಿಯೇ ಸಿಕ್ಕಿತು. ಅಕ್ಕ ತಂದಿಟ್ಟಿದ್ದ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿಯ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರಲಿಲ್ಲ. ಅದನ್ನು ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್ ಹಾಕಿಯೇ ಮಾಡುತ್ತಾರೆ. ಅದನ್ನು ಯಾರಿಗೂ ತೋರಿಸದೆ ಹಿಂದಿರುಗಿಸಿದೆವು. ಹಣ್ಣುಗಳನ್ನು ಹೆಚ್ಚಿ, ಒಂದೊಂದು ಹೋಳಿನ ನೀರನ್ನೂ ಬಟ್ಟೆಯಿಂದ ಒತ್ತಿ ತೆಗೆದೆವು. ಅನಾನಸಿಗೆ ಈ ಉಪಚಾರ ಎಷ್ಟು ಮಾಡಿದರೂ ಸಾಲದೆಂದು ಕೊನೆಗೆ ಅದನ್ನು ಕೈಬಿಟ್ಟು ಬೇರೆ ತಟ್ಟೆಯಲ್ಲಿಟ್ಟೆವು.

ತಾರಸಿಯಲ್ಲೇ ಇಡೋಣ, ದೀಪಗಳ ನಡುವೆ ಚೆನ್ನಾಗಿ ಕಾಣುತ್ತದೆ ಎಂಬುದು ಅಕ್ಕನ ಆಸೆಯಾಗಿತ್ತು. ಡಿಸೆಂಬರಿನ ಸಂಜೆಯ ಗಾಳಿಗೆ ಚಾಕೊಲೇಟಿನ ತೆಳುಪರದೆ ಹರಿದು ಎದುರು ನಿಂತವರ ಸೀರೆಯ ಮೇಲೆ ಬೀಳುತ್ತದೆ, ಜೊತೆಗೆ ಆರಿ ಗಟ್ಟಿಯೂ ಆಗುತ್ತದೆ ಎಂದು ಒಪ್ಪಿಸಿ, ನಡುಮನೆಯ ಮೂಲೆಯಲ್ಲಿ, ಫ್ಯಾನ್ ಹಾಕದೆ, ಗೋಡೆಯ ಪ್ಲಗ್ಗಿನ ಹತ್ತಿರವೇ ಮೇಜು ಹಾಕಿದೆವು. ವೈರಿಗೆ ಯಾರ ಕಾಲೂ ತೊಡರಬಾರದಲ್ಲ.

ಆ ಮೇಲೆ ಅಪ್ಪನ ಸರದಿ. ಅವರು ಜೀವಮಾನವೆಲ್ಲ ಕಟ್ಟಡಗಳ ಉಸ್ತುವಾರಿ ನೋಡಿಕೊಂಡವರು. ಮೂರು ಸರಿಯಾದ ಕಾಲು, ಒಂದು ಮೊಂಡುಕಾಲಿನ ಮೇಲೆ ನಿಂತ ಕಾರಂಜಿಯನ್ನು ಒಮ್ಮೆ ನೋಡಿ, ಒಳಗೆ ಹೋಗಿ ಹಳೆಯ ಪೆಟ್ಟಿಗೆಯಿಂದ ರಸಮಟ್ಟವನ್ನು ತೆಗೆದುಕೊಂಡು ಬಂದರು. ಮೇಲಿನ ತಟ್ಟೆಗೆ ಅಡ್ಡಲಾಗಿ ಇಟ್ಟು, ಗುಳ್ಳೆ ನಡುಗೆರೆಗಳೊಳಗೆ ಬರುವ ತನಕ ಕಾಲು ತಿರುಗಿಸಿ, ರಬ್ಬರಿಲ್ಲದ ಕಾಲಿನ ಕೆಳಗೆ ಮಡಿಸಿದ ರಟ್ಟನ್ನು ತೂರಿಸಿದರು. ಹುಟ್ಟುಹಬ್ಬಕ್ಕೆ ಇಷ್ಟೆಲ್ಲ ಏಕೆ ಎಂದು ಅಮ್ಮ ನಕ್ಕರು. ಆದರೆ ನೆಟ್ಟಗೆ ನಿಲ್ಲದ ಕಾರಂಜಿ ತಗ್ಗಿನ ಕಡೆಗಷ್ಟೇ ಸುರಿಯುತ್ತದೆ, ಎತ್ತರದ ಬದಿಯಲ್ಲಿ ಬರಿಯ ಸ್ಟೀಲು ಕಾಣುತ್ತದೆ.

ಐದೂವರೆಗೆ ಬಟ್ಟಲನ್ನು ಹತ್ತು ನಿಮಿಷ ಬರಿದಾಗಿಯೇ ಕಾಯಿಸಿ, ಕರಗಿದ ಚಾಕೊಲೇಟ್ ಸುರಿದು, ಸೂರ್ಯಕಾಂತಿ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿದೆ. ಕಡಲೆಕಾಯಿ ಎಣ್ಣೆಯನ್ನು ಬೇಕೆಂದೇ ಬಿಟ್ಟೆ: ಅದಕ್ಕೆ ವಾಸನೆಯಿದೆ, ಬರುವ ಮಕ್ಕಳಲ್ಲಿ ಒಬ್ಬನಿಗೆ ಕಡಲೆಕಾಯಿ ಆಗುವುದಿಲ್ಲ. ಸೌಟಿನಿಂದ ಎತ್ತಿ ಬಿಟ್ಟಾಗ ಕಡಿಯದೆ ಧಾರೆಯಾಗಿ ಇಳಿಯುವಷ್ಟು ತೆಳುವಾಗಲು ಸುಮಾರು ನೂರೈವತ್ತು ಮಿಲಿಲೀಟರ್ ಹಿಡಿಯಿತು. ಮೋಟಾರು ಹಾಕಿದ ಮೇಲೆ ಚಾಕೊಲೇಟ್ ನೆತ್ತಿಗೆ ಬಂದು ಇಳಿಯತೊಡಗಿತಾದರೂ ಪರದೆ ಬಿಟ್ಟು ಬಿಟ್ಟು ಸೀಳುತ್ತಿತ್ತು. ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಅರ್ಧ ನಿಮಿಷ ನಿಲ್ಲಿಸಿ ಮತ್ತೆ ಹಾಕಿದೆ. ಎರಡನೆಯ ಸಲಕ್ಕೆ ಮೂರು ಅಂತಸ್ತುಗಳೂ ಸುತ್ತಲೂ ಮುಚ್ಚಿಕೊಂಡವು.

ಎಲ್ಲವೂ ಸಿದ್ಧವಾಯಿತೆಂದು ನಾವು ಬೀಗುತ್ತಿರುವಾಗ, ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದ ಅಜ್ಜಿ ಕೇಳಿದರು: "ಅಲ್ಲ ಕಣೇ, ಒಬ್ಬರು ಕಚ್ಚಿದ ತುಂಡನ್ನೇ ಮತ್ತೆ ಅದ್ದಿದರೆ ಅದು ಸುತ್ತಿ ಸುತ್ತಿ ಎಲ್ಲರ ಬಾಯಿಗೂ ಬರುತ್ತಲ್ಲ. ಎಂಜಲಿಗೆ ಮೋಟಾರು ಕಟ್ಟಿದ ಹಾಗಾಯಿತು."

ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಅಜ್ಜಿಯ ಮಡಿಯನ್ನು ನಾವು ಎಷ್ಟೋ ಸಲ ಹಾಸ್ಯ ಮಾಡಿದ್ದೇವೆ, ಆದರೆ ಕೆಳಗೆ ಬಿದ್ದದ್ದು ಮತ್ತೆ ಮೇಲೇರುವ ಈ ಯಂತ್ರದ ಮರ್ಮವನ್ನು ಅವರಷ್ಟು ಚೆನ್ನಾಗಿ ನಮ್ಮಲ್ಲಿ ಯಾರೂ ಗ್ರಹಿಸಿರಲಿಲ್ಲ. ಪಂಕ್ತಿಯಲ್ಲಿ ಉಣ್ಣುವವರು ಯಾರೂ ಹುಳಿಯ ಪಾತ್ರೆಗೆ ಕೈಹಾಕುವುದಿಲ್ಲ, ಬಡಿಸುವವರು ಬಡಿಸುತ್ತಾರೆ. ಇಲ್ಲಿಯೂ ಹಾಗೆಯೇ ಆಗಲಿ ಎಂದು ತೀರ್ಮಾನವಾಯಿತು. ನಾನೂ ಭಾವನ ತಂಗಿಯೂ ಮೇಜಿನ ಹಿಂದೆ ನಿಂತೆವು. ಒಂದೇ ತುತ್ತಿಗೆ ಆಗುವಷ್ಟು ಸಣ್ಣ ಹೋಳು, ಒಂದು ಹೋಳಿಗೆ ಒಂದು ಬಿದಿರುಕಡ್ಡಿ, ಅದ್ದಿ ತಟ್ಟೆಗೆ ಹಾಕಿಕೊಡುವುದು, ತಿಂದ ಕಡ್ಡಿ ಬುಟ್ಟಿಗೆ. ಹುಟ್ಟುಹಬ್ಬದವಳ ಮುಖ ಬಾಡಿತು. ತಾನೇ ಅದ್ದಲಾಗದಿದ್ದರೆ ಕಾರಂಜಿ ಏತಕ್ಕೆ ಎಂಬ ಅವಳ ಅಸಮಾಧಾನವೂ ನ್ಯಾಯವೇ ಆಗಿತ್ತು. ಕೊನೆಗೆ ಮಕ್ಕಳು ಹೊಸ ಕಡ್ಡಿಯನ್ನು ನಮ್ಮ ಕೈಯಿಂದ ಪಡೆದು ನಮ್ಮ ಕಣ್ಣೆದುರೇ ಒಮ್ಮೆ ಅದ್ದಬಹುದು ಎಂದು ಅಜ್ಜಿಯೇ ರಿಯಾಯಿತಿ ಕೊಟ್ಟರು.

ಏಳೂಕಾಲಿಗೆ ಕರೆಂಟು ಹೋಯಿತು. ಯುಪಿಎಸ್ ದೀಪಗಳಿಗಷ್ಟೇ ಇತ್ತು. ಪರದೆ ಕುಸಿದು ಚಾಕೊಲೇಟ್ ಬಟ್ಟಲಿಗಿಳಿಯಿತು. ಹತ್ತು ನಿಮಿಷ ಮುಚ್ಚಳ ಮುಚ್ಚಿ ಕಾದೆವು. ಕರೆಂಟು ಬಂದ ಕೂಡಲೇ ಭಾವ ಮೋಟಾರಿನ ಗುಂಡಿಗೆ ಕೈಹಾಕಿದರು, ನಾನು ತಡೆದೆ. ಕೊಳವೆಯಲ್ಲಿ ದಪ್ಪಗಾದದ್ದು ಮತ್ತೆ ಕಾದು ಸಡಿಲವಾಗದೆ ತಿರುಪನ್ನು ತಿರುಗಿಸಿದರೆ ಮೋಟಾರೇ ಸುಡಬಹುದು. ಬೇರೆ ಬೇರೆ ಗುಂಡಿಗಳಿದ್ದುದರ ಉಪಯೋಗ ಆಗ ಕಂಡಿತು. ಇನ್ನೊಂದು ತೊಂದರೆಯನ್ನು ನಾವೇ ತಂದುಕೊಂಡೆವು: ಮೆತ್ತನೆಯ ಕೇಕಿನ ತುಂಡುಗಳು ಪರದೆಯಲ್ಲಿ ಪುಡಿಯಾಗಿ ಬಟ್ಟಲಿಗೆ ಉದುರುತ್ತಿದ್ದವು, ಅವನ್ನು ಜರಡಿಸೌಟಿನಿಂದ ಹಿಡಿಯುವುದೇ ಒಂದು ಕೆಲಸವಾಯಿತು. ಬಾಳೆಹಣ್ಣಿಗಿಂತಲೂ ಸ್ಟ್ರಾಬೆರಿಗಿಂತಲೂ ಬೇಗ ಖಾಲಿಯಾದದ್ದು ಅಮ್ಮ ಊಟಕ್ಕೆಂದು ಕರಿದಿದ್ದ ಕೋಡುಬಳೆ. ಉಪ್ಪು ಖಾರದ ಮೇಲೆ ಕಹಿಸಿಹಿ ಇಷ್ಟು ಹೊಂದುತ್ತದೆಂದು ನನಗೂ ಗೊತ್ತಿರಲಿಲ್ಲ.

ಅಜ್ಜಿ ಮೊದಲ ಬಾಳೆಹಣ್ಣಿನ ಹೋಳನ್ನು, ಯಾರೂ ಮುಟ್ಟುವ ಮೊದಲೇ, ಬೆಳ್ಳಿ ಬಟ್ಟಲಿನಲ್ಲಿ ಹಾಕಿಸಿಕೊಂಡಿದ್ದರು. ಎರಡನೆಯದನ್ನು ಕೇಳಿದಾಗ ಎಂಟು ಗಂಟೆಯಾಗಿತ್ತು, ಮೂವತ್ತು ಜನ ಅದ್ದಿ ಹೋಗಿದ್ದರು. ನಾನು ಏನೂ ಹೇಳದೆ ಹಾಕಿಕೊಟ್ಟೆ, ಅವರೂ ಏನೂ ಕೇಳಲಿಲ್ಲ.

ಬಟ್ಟಲಿನಲ್ಲಿ ಇನ್ನೂ ಒಂದೂಕಾಲು ಕಿಲೋದಷ್ಟು ಉಳಿದಿತ್ತು. ಅದನ್ನು ಬಿಸಿಯಿರುವಾಗಲೇ ಪಾತ್ರೆಗೆ ಬಗ್ಗಿಸಿದೆ. ಸಿಂಕಿಗೆ ಸುರಿದಿದ್ದರೆ ಕೊಳಾಯಿಯೊಳಗೆ ಹೆಪ್ಪುಗಟ್ಟಿ ನಾಳೆ ಪ್ಲಂಬರನ್ನು ಕರೆಸಬೇಕಾಗುತ್ತಿತ್ತು. ತಟ್ಟೆಗಳನ್ನು ಮೊದಲು ಹಳೆಯ ಪತ್ರಿಕೆಯಿಂದ ಒರೆಸಿ ಆಮೇಲೆ ಬಿಸಿನೀರಿಗೆ ಹಾಕಿದೆ. ಮೊಂಡುಕಾಲಿನ ಫೋಟೋ ತೆಗೆದಿಟ್ಟಿದ್ದೇನೆ, ಬೆಳಿಗ್ಗೆ ಯಂತ್ರ ಹಿಂದಿರುಗಿಸುವಾಗ ಮುಂಗಡದಲ್ಲಿ ಹಣ ಹಿಡಿಯಲು ನೋಡಿದರೆ ತೋರಿಸಬಹುದು. ಅಪ್ಪನ ರಸಮಟ್ಟ ಇನ್ನೂ ಮೇಜಿನ ಮೇಲೆಯೇ ಇದೆ. ಪೆಟ್ಟಿಗೆಗೆ ಹಾಕುವ ಮೊದಲು ಅದರ ಗಾಜಿಗೆ ಮೆತ್ತಿರುವ ಚಾಕೊಲೇಟನ್ನು ಒರೆಸಬೇಕು.