ಎರಡನೇ ಸಿಲಿಂಡರ್‌ನ ಹಿಂದೆ ಹದಿಮೂರು ದಿನ

2024 ಆಗಸ್ಟ್ 18, ಭಾನುವಾರ, ರಾತ್ರಿ

ಇವತ್ತು ಸಂಜೆ ಕಾರನ್ನು ಎಲ್ಲೂ ನಿಲ್ಲಿಸದೆ ನಲವತ್ತೈದು ನಿಮಿಷ ಓಡಿಸಿದೆ. ಇಂಜಿನ್ ಚೆನ್ನಾಗಿ ಬಿಸಿಯಾಗಲಿ ಅಂತ ಬೇಕೆಂದೇ ಏರು ರಸ್ತೆ ಹಿಡಿದೆ. ಒಮ್ಮೆಯೂ ನಡುಗಲಿಲ್ಲ. ಮನೆಗೆ ಬಂದು ಇಂಜಿನ್ ದೋಷ ಓದುವ ಸ್ಕ್ಯಾನರ್ ಹಾಕಿದರೆ ಎರಡನೇ ಸಿಲಿಂಡರ್‌ನ ಮಿಸ್‌ಫೈರ್ ಲೆಕ್ಕ, ಅಂದರೆ ಪೆಟ್ರೋಲ್ ಉರಿಯದೆ ತಪ್ಪಿದ ಸಲಗಳು, ಸೊನ್ನೆ. ಆ ಸೊನ್ನೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಸುಮ್ನೆ ಸೀಟಿನಲ್ಲಿ ಕೂತಿದ್ದೆ. ಮರೆಯುವ ಮುಂಚೆ ಎಲ್ಲ ಬರೆದಿಡುತ್ತೇನೆ.

ಶುರುವಾಗಿದ್ದು ಆಗಸ್ಟ್ 5ರ ಸೋಮವಾರ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೇ ಇಂಜಿನ್ ಕುಂಟುತ್ತಿತ್ತು. ಪಿಕಪ್ ಇಲ್ಲ, ಸ್ಟೀರಿಂಗ್‌ವರೆಗೂ ನಡುಕ. ಚೆಕ್ ಇಂಜಿನ್ ದೀಪ ಮಿಣುಕುತ್ತಿತ್ತು. ಈ ದೀಪ ಒಂದೇ ಸಮ ಉರಿದರೆ ನಿಧಾನವಾಗಿ ತೋರಿಸಿಕೊಳ್ಳಬಹುದು. ಮಿಣುಕಿದರೆ ಹಾಗಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗುತ್ತಿದೆ, ಅಲ್ಲಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ವಿಪರೀತ ಕಾದು ಹಾಳಾಗಬಹುದು ಅಂತ ಅದರ ಅರ್ಥ. ಹಾಗಾಗಿ ಓಡಿಸುವುದನ್ನು ಅಲ್ಲಿಗೇ ಬಿಟ್ಟು ಎಳೆಸಿಕೊಂಡು ಗ್ಯಾರೇಜಿಗೆ ಹೋದೆ.

ಸ್ಕ್ಯಾನರ್‌ನಲ್ಲಿ ಎರಡು ಕೋಡ್ ಬಂದವು. ಪಿ0302, ಅಂದರೆ ಎರಡನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಪಿ0352, ಅಂದರೆ ಪ್ಲಗ್ಗಿಗೆ ಕಿಡಿಯ ವೋಲ್ಟ್ ಕೊಡುವ ಎರಡನೇ ಇಗ್ನಿಷನ್ ಕಾಯಿಲ್‌ನ ಸರ್ಕ್ಯೂಟ್‌ನಲ್ಲಿ ದೋಷ. ಹೊಸ ಕಾಯಿಲ್ ಹಾಕಿದರು. ನಡುಕ ಹಾಗೇ ಇತ್ತು. 'ಹಾಗಾದರೆ ಇಸಿಎಂ ಹೋಗಿದೆ, ಬದಲಾಯಿಸಬೇಕು' ಅಂದರು. ಇಸಿಎಂ ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್ ಡಬ್ಬ. ಏನು ಅಳೆದು ನೋಡಿದಿರಿ ಅಂತ ಕೇಳಿದೆ. ಕಾಯಿಲ್ ಹೊಸದು, ಇನ್ನೇನಿರುತ್ತೆ ಅನ್ನುವುದಷ್ಟೇ ಉತ್ತರ. ಗುರುವಾರ ಕಾರನ್ನು ಮನೆಗೆ ತಂದೆ. ಹಳೆಯ ಕಾಯಿಲನ್ನೂ ಕೇಳಿ ಪಡೆದು ಡಿಕ್ಕಿಯಲ್ಲಿಟ್ಟುಕೊಂಡೆ. ಆಮೇಲೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ.

ಮಾವ ತುಂಬಾ ವರ್ಷ ಗಾಡಿಗಳ ಎಲೆಕ್ಟ್ರಿಕ್ ಕೆಲಸ ಮಾಡಿದವರು. ಫೋನಿನಲ್ಲಿ ಎಲ್ಲ ಕೇಳಿ, "ಈಗಲೇ ಆ ಡಬ್ಬಕ್ಕೆ ಕೈ ಹಾಕಬೇಡಮ್ಮ. ಅದಕ್ಕೆ ಕರೆಂಟ್ ಸರಿಯಾಗಿ ಬರ್ತಿದೆಯಾ, ಅರ್ಥ್ ಸರಿ ಇದೆಯಾ, ಅದನ್ನ ನೋಡಿದ್ಯಾ?" ಅಂದರು. ನೋಡಿರಲಿಲ್ಲ. ಶನಿವಾರ ಅವರೇ ಮೀಟರ್ ಹಿಡಿದುಕೊಂಡು ಬಂದರು.

ಬ್ಯಾಟರಿ ನಿಂತಾಗ 12.6 ವೋಲ್ಟ್. ಸೆಲ್ಫ್ ಹೊಡೆದಾಗ 10.4ಕ್ಕೆ ಇಳಿಯಿತು. 9.6ರ ಕೆಳಗೆ ಹೋಗದಿದ್ದರೆ ಸಾಕು. ಅರ್ಥ್, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ, ಅದನ್ನು ನೋಡಿದ ರೀತಿ ನನಗೆ ಹೊಸದು. ವೈರ್ ಬಿಚ್ಚಿ ಓಮ್ ಅಳೆಯಲಿಲ್ಲ. ಎರಡನೇ ಇಂಜೆಕ್ಟರ್‌ನ ವೈರ್ ಜೋಡಿಸುವ ಕಪ್ಲರ್ ತೆಗೆದು, ಅಲ್ಲಿಗೆ ಪೆಟ್ರೋಲ್ ಹೋಗದ ಹಾಗೆ ಮಾಡಿ, ಮೂರೇ ಸಿಲಿಂಡರಿನಲ್ಲಿ ಇಂಜಿನ್ ಓಡಲು ಬಿಟ್ಟೆವು. ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಸಿಎಂ ಅರ್ಥ್ ವೈರಿಗೆ. ಹೆಡ್‌ಲೈಟ್, ಫ್ಯಾನ್ ಎಲ್ಲ ಆನ್ ಇದ್ದರೂ 0.03 ವೋಲ್ಟ್. 0.1 ದಾಟಿದ್ದರೆ ಎಲ್ಲೋ ತುಕ್ಕು ಅಥವಾ ಸಡಿಲ ನಟ್ಟು ಇದೆ ಅಂತ ಅನುಮಾನ ಪಡಬೇಕಿತ್ತು. ಕರೆಂಟ್ ಹರಿಯುವಾಗ ಅಳೆದರೆ ಮಾತ್ರ ಕೆಟ್ಟ ಅರ್ಥ್ ಸಿಕ್ಕಿಬೀಳುತ್ತದಂತೆ.

ಆಮೇಲೆ ಕಾಯಿಲ್ ಕಡೆ ಬಂದೆವು. ಈ ಕಾರಿನ ಕಾಯಿಲ್‌ಗಳಿಗೆ ಎರಡೇ ವೈರ್. ಒಂದಕ್ಕೆ ಕೀ ಆನ್ ಮಾಡಿದಾಗ 12 ವೋಲ್ಟ್ ಬರುತ್ತದೆ. ಇನ್ನೊಂದನ್ನು ಇಸಿಎಂ ಕೆಲವು ಮಿಲಿಸೆಕೆಂಡ್ ಅರ್ಥ್‌ಗೆ ಸೇರಿಸಿ ತಟ್ಟನೆ ಬಿಡುತ್ತದೆ. ಬಿಟ್ಟ ಕ್ಷಣದಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಸೇರಿಸಿ ಬಿಡುವ ಈ ಕೆಲಸಕ್ಕೆ ಇಸಿಎಂ ಒಳಗೆ ಸಿಲಿಂಡರಿಗೊಂದು ಟ್ರಾನ್ಸಿಸ್ಟರ್ ಇರುತ್ತದೆ.

ಇಂಜಿನ್ ಸ್ಟಾರ್ಟ್ ಆಗದಿರಲಿ ಅಂತ ಫ್ಯೂಯಲ್ ಪಂಪ್ ಫ್ಯೂಸ್ ತೆಗೆದಿಟ್ಟೆವು. ಕಾಯಿಲ್ ಕಪ್ಲರ್ ಬಿಡಿಸಿ, ಬ್ಯಾಟರಿ ಪ್ಲಸ್‌ಗೂ ಆ ಎರಡನೇ ವೈರಿಗೂ ನಡುವೆ ಸಣ್ಣ ಎಲ್ಇಡಿ ಟೆಸ್ಟ್ ಲ್ಯಾಂಪ್ ಹಿಡಿದೆ. ಮಾವ ಸೆಲ್ಫ್ ಹೊಡೆದರು. ಒಂದನೇ ಸಿಲಿಂಡರ್, ಮಿಣಮಿಣ ಅಂತು. ಮೂರು, ನಾಲ್ಕು, ಅವೂ ಮಿಣುಕಿದವು. ಎರಡನೆಯದು ಕತ್ತಲು.

ಆದರೂ ಇಸಿಎಂ ಅಂತ ಹೇಳುವ ಹಾಗಿಲ್ಲ, ನಡುವೆ ವೈರ್ ಇದೆ. ಎರಡೂ ತುದಿ ಬಿಡಿಸಿ ಅಳೆದರೆ 0.4 ಓಮ್, ಚೆನ್ನಾಗಿದೆ. ಕಾರಿನ ಬಾಡಿಯ ಲೋಹಕ್ಕೆ ಎಲ್ಲೂ ತಾಗಿಲ್ಲ. ನಾನು ಖುಷಿಯಾದೆ, ಮಾವ ಒಪ್ಪಲಿಲ್ಲ. ವೈರಿನೊಳಗೆ ಹತ್ತಾರು ಎಳೆ ಇರುತ್ತವೆ. ಒಂದೇ ಎಳೆ ಉಳಿದಿದ್ದರೂ ಮೀಟರ್ ಚೆನ್ನಾಗಿದೆ ಅನ್ನುತ್ತದೆ, ಯಾಕಂದ್ರೆ ಅದು ಕಳಿಸುವ ಕರೆಂಟ್ ತೀರಾ ಕಡಿಮೆ. ಅವರು ಆ ವೈರಿನ ಮೂಲಕವೇ 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬ್ ಉರಿಸಿದರು. ನಾಲ್ಕೂವರೆ ಆಂಪಿಯರ್ ಹರಿಯುತ್ತಿರುವಾಗ ವೈರಿಂಗ್ ಉದ್ದಕ್ಕೂ ಹಿಡಿದು ಅಲ್ಲಾಡಿಸಿದೆ. ಬಲ್ಬ್ ಮಂಕಾಗಲಿಲ್ಲ, ಮಿಣುಕಲಿಲ್ಲ. ಕಪ್ಲರ್ ಪಿನ್ನುಗಳಲ್ಲಿ ಹಸಿರು ತುಕ್ಕಿಲ್ಲ, ಯಾವುದೂ ಅಗಲವಾಗಿಲ್ಲ. ಉಳಿದದ್ದು ಟ್ರಾನ್ಸಿಸ್ಟರ್ ಒಂದೇ.

"ಗ್ಯಾರೇಜಿನವರು ಹೇಳಿದ್ದೇ ಸರಿಯಾಯ್ತಲ್ಲ ಮಾವ" ಅಂದೆ.

"ಸರಿ. ಯಾಕೆ ಹೋಯ್ತು ಅಂತ ಹೇಳಿದ್ರಾ?"

ಆಗ ಹಳೆಯ ಕಾಯಿಲ್ ಹೊರಗೆ ಬಂತು. ಇಷ್ಟು ಸಣ್ಣ ಓಮ್ ಅಳೆಯುವಾಗ ಮೊದಲು ಮೀಟರಿನ ಎರಡು ತುದಿ ಸೇರಿಸಿ ನೋಡಬೇಕು. ನಮ್ಮದರಲ್ಲಿ ಅದೇ 0.2 ತೋರಿಸಿತು. ಚೆನ್ನಾಗಿರುವ ಕಾಯಿಲ್‌ಗಳು 0.9, ಅಂದರೆ ನಿಜವಾಗಿ 0.7. ಹಳೆಯದು 0.2, ಅಂದರೆ ನಿಜವಾಗಿ ಸೊನ್ನೆ. ಒಳಗೆ ಏನೂ ಉಳಿದಿಲ್ಲ, ಪೂರ್ತಿ ಶಾರ್ಟ್. ಸರಿ ಇರುವ ಕಾಯಿಲ್‌ನಲ್ಲಿ ಕರೆಂಟ್ ನಿಧಾನವಾಗಿ ಏರುತ್ತದೆ. ಆರೇಳು ಆಂಪಿಯರ್ ಮುಟ್ಟುವಷ್ಟರಲ್ಲಿ ಇಸಿಎಂ ಬಿಟ್ಟುಬಿಡುತ್ತದೆ. ಒಳಗಿನ ತಂತಿಯ ಸುತ್ತುಗಳು ಒಂದಕ್ಕೊಂದು ಅಂಟಿದರೆ ಆ ತಡೆ ಇಲ್ಲ, ಕರೆಂಟ್ ಒಂದೇ ಸಲ ನುಗ್ಗುತ್ತದೆ. ಪಾಪ, ಟ್ರಾನ್ಸಿಸ್ಟರ್ ಎಷ್ಟು ತಡೆದೀತು?

ಕಾಯಿಲ್ ಯಾಕೆ ಹೋಯಿತು? ಮಾವ ಎರಡನೇ ಪ್ಲಗ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಗ್ಯಾಪ್ 1.1 ಮಿಲಿಮೀಟರ್ ಇರಬೇಕಿತ್ತು. ಗೇಜ್ ಹಾಕಿದರೆ 1.6. ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ. ಗ್ಯಾಪ್ ಹೆಚ್ಚಾದಷ್ಟೂ ಕಿಡಿ ಹಾರಲು ಜಾಸ್ತಿ ವೋಲ್ಟ್ ಬೇಕು. ಪ್ರತಿ ಸಲವೂ ಕಾಯಿಲ್ ಅಷ್ಟನ್ನು ಕೊಟ್ಟು ಕೊಟ್ಟು ಒಳಗಿನ ಇನ್ಸುಲೇಷನ್ ಸೋಲುತ್ತದೆ. ಪ್ಲಗ್ ಬದಲಿಸುವುದನ್ನು ನಾನು ಎರಡು ಸಲ ಮುಂದೂಡಿದ್ದು ಸರ್ವಿಸ್ ಪುಸ್ತಕದಲ್ಲೇ ಇದೆ. ಅದನ್ನು ನೋಡಿ ನಿಜಕ್ಕೂ ಬೇಜಾರಾಯಿತು. ಗ್ಯಾರೇಜಿನಲ್ಲಿ ಹೊಸ ಕಾಯಿಲನ್ನು ಇದೇ ಪ್ಲಗ್ ಮೇಲೆ ಕೂರಿಸಿದ್ದರು. ಹೊಸ ಇಸಿಎಂ ಹಾಕಿದ್ದರೂ ಕೆಲವು ತಿಂಗಳಲ್ಲಿ ಇದೇ ಕಥೆ ಆಗುತ್ತಿತ್ತೇನೋ.

ನಾಲ್ಕೂ ಪ್ಲಗ್ ಬದಲಾಯಿಸಿದೆ. ಬುಧವಾರ ಬಳಸಿದ ಇಸಿಎಂ ಒಂದು ಸಿಕ್ಕಿತು. ಲೇಬಲ್ ಮೇಲಿನ ಹಾರ್ಡ್‌ವೇರ್ ನಂಬರ್, ಸಾಫ್ಟ್‌ವೇರ್ ನಂಬರ್ ಎರಡೂ ನಮ್ಮದಕ್ಕೆ ಸರಿಹೊಂದುತ್ತಿದ್ದವು. ತಡೆಯಲಾಗದೆ ಅವತ್ತೇ ಹಾಕಿ ನೋಡಿದೆ. ಇಂಜಿನ್ ಸ್ಟಾರ್ಟ್ ಆಯಿತು, ಎರಡು ಸೆಕೆಂಡಿಗೆ ಆಫ್. ಮೀಟರ್ ಬೋರ್ಡಿನಲ್ಲಿ ಕೀ ಚಿಹ್ನೆ ಮಿಣುಕುತ್ತಿತ್ತು. ಕಾರಣ ಕಳ್ಳತನ ತಡೆಯುವ ಇಮೊಬಿಲೈಸರ್. ಕೀಯೊಳಗಿನ ಚಿಪ್‌ನ ಗುರುತು ಇಸಿಎಂ ನೆನಪಿನಲ್ಲಿರುತ್ತದೆ, ಬೇರೆ ಕಾರಿನ ಇಸಿಎಂಗೆ ನಮ್ಮ ಕೀ ಅಪರಿಚಿತ.

ಇಸಿಎಂ ರಿಪೇರಿ ಮಾಡುವವರೊಬ್ಬರ ಹತ್ತಿರ ಎರಡನ್ನೂ ಒಯ್ದೆ. ಅದೇ ಟ್ರಾನ್ಸಿಸ್ಟರ್ ಬದಲಾಯಿಸಲು ಆಗುವುದಿಲ್ಲವಾ ಅಂತ ಕೇಳಿದೆ. ಮುಚ್ಚಳ ತೆಗೆದು ತೋರಿಸಿದರು. ಟ್ರಾನ್ಸಿಸ್ಟರ್ ಸುತ್ತ ಬೋರ್ಡ್ ಕಂದಾಗಿತ್ತು, ತಾಮ್ರದ ಗೆರೆ ಎದ್ದು ಬಂದಿತ್ತು. 'ಹಾಕಿಕೊಡಬಹುದು, ಬಾಳಿಕೆ ಬರುತ್ತೆ ಅಂತ ಹೇಳಲಾರೆ' ಅಂದರು. ಆ ಮಾತು ನನಗೆ ಇಷ್ಟವಾಯಿತು. ಹಳೆಯದರ ಪ್ರೊಸೆಸರ್ ಇನ್ನೂ ಜೀವಂತ ಇತ್ತು, ಅದಕ್ಕೇ ಸ್ಕ್ಯಾನರ್ ಜೊತೆ ಮಾತಾಡುತ್ತಿತ್ತು. ಅದರ ಮೆಮೊರಿ ಚಿಪ್‌ನಲ್ಲಿದ್ದ ಕೀ ಗುರುತು, ಚಾಸಿ ನಂಬರ್ ಎಲ್ಲವನ್ನೂ ಓದಿ ಇನ್ನೊಂದಕ್ಕೆ ಬರೆದುಕೊಟ್ಟರು. ಕರೆಂಟ್ ಏರಿಳಿತ ಆಗದ ಸಪ್ಲೈ ಮೇಲೆ ಇಟ್ಟೇ ಈ ಕೆಲಸ ಮಾಡುತ್ತಾರೆ. ಬರೆಯುವಾಗ ಮಧ್ಯದಲ್ಲಿ ವೋಲ್ಟ್ ಬಿದ್ದರೆ ಮಾಡ್ಯೂಲ್ ಅಲ್ಲಿಗೇ ಸತ್ತ ಹಾಗೆ.

ನಿನ್ನೆ ಕೂರಿಸಿದ್ದು ಅರ್ಧ ಗಂಟೆಯ ಕೆಲಸ. ಕೀ ತೆಗೆದು ಹತ್ತು ನಿಮಿಷ ಕಾದೆ, ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ, ಬಾಡಿಯ ಲೋಹ ಮುಟ್ಟಿ ಮೈಮೇಲಿನ ಸ್ಟ್ಯಾಟಿಕ್ ಕಳೆದುಕೊಂಡೆ, ಆಮೇಲೆ ಕಪ್ಲರ್‌ಗಳ ಲಿವರ್ ಎತ್ತಿದೆ. ಸ್ಟಾರ್ಟ್ ಮಾಡಿದಾಗ ಐಡ್ಲಿಂಗ್ (ಗಾಡಿ ನಿಂತಾಗ ಇಂಜಿನ್ ತಿರುಗುವ ವೇಗ) ನಿಮಿಷಕ್ಕೆ 1200 ಸುತ್ತಿನ ಹತ್ತಿರ ಏರಿಳಿಯುತ್ತಿತ್ತು. ಎಸಿ ಆಫ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಬಿಟ್ಟೆ. ಹತ್ತು ನಿಮಿಷದಲ್ಲಿ ತಾನೇ ಕಲಿತುಕೊಂಡು 750ಕ್ಕೆ ಬಂದು ನಿಂತಿತು.

ಈಗ ಮಾವನಿಗೆ ಫೋನ್ ಮಾಡಿ ಸೊನ್ನೆ ಬಂತು ಅಂದೆ. ತುಂಬಾ ಸಂತೋಷಪಟ್ಟರು. ಆಮೇಲೆ, "ಉಳಿದ ಮೂರು ಕಾಯಿಲ್‌ಗಳೂ ಅಂಥದ್ದೇ ಸವೆದ ಪ್ಲಗ್ಗುಗಳ ಮೇಲೆ ಕೆಲಸ ಮಾಡಿದ್ವು ಅಲ್ವಾ? ತಣ್ಣಗಿದ್ದಾಗ ಅಳೆದಿದ್ದು ನಾವು. ಬಿಸಿ ಇದ್ದಾಗ ಒಂದ್ಸಲ ನೋಡು" ಅಂದರು. ನಾಳೆ ಕೆಲಸದಿಂದ ಬಂದ ತಕ್ಷಣ, ಇಂಜಿನ್ ಆಫ್ ಮಾಡಿ, ಅದು ತಣ್ಣಗಾಗುವ ಮುಂಚೆಯೇ ಮೂರನ್ನೂ ಬಿಚ್ಚಿ ಅಳೆಯುತ್ತೇನೆ. ಮೀಟರ್ ಈಗಲೇ ಕಾರಿನಲ್ಲಿಟ್ಟು ಬಂದೆ.