ಮೊಗ್ಗು ಕಾಯುವುದಿಲ್ಲ, ಸ್ನಾನ ಕಾಯುತ್ತದೆ

ಮೊಣಕಾಲು ಸವೆದವರ ನೋವು ನಡೆದಷ್ಟೂ ಜಾಸ್ತಿ, ಸಂಜೆಗೆ ಇನ್ನೂ ಜಾಸ್ತಿ. ನನ್ನದು ಬೆಳಗ್ಗೆಯ ನೋವು. ಎದ್ದ ಮೇಲೆ ಒಂದು ಗಂಟೆ, ಕೆಲವು ದಿನ ಅದಕ್ಕಿಂತಲೂ ಹೆಚ್ಚು ಹೊತ್ತು, ಬೆರಳು ಮಡಚಲು ಬರುವುದಿಲ್ಲ. ಮಣಿಕಟ್ಟು ಊದಿ ಬಿಸಿಯಾಗಿರುತ್ತದೆ. ಕೈ ಆಡಿಸಿದ ಹಾಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಹತ್ತು ಗಂಟೆಗೆ ನಮ್ಮ ಮನೆಗೆ ಬಂದವರಿಗೆ ನನ್ನಲ್ಲಿ ಏನೂ ಕಾಣುವುದಿಲ್ಲ. ಈ ಕಾಯಿಲೆಯ ಹೆಸರು ರುಮಟಾಯ್ಡ್ ಆರ್ಥ್ರೈಟಿಸ್. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪದರದ ಮೇಲೆ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಜಾಸ್ತಿ.

ಕಷ್ಟ ಎಂದರೆ, ನಮ್ಮ ಮನೆಯ ದೊಡ್ಡ ಕೆಲಸಗಳೆಲ್ಲ ಇರುವುದೂ ಅದೇ ಹೊತ್ತಿಗೆ.

ನಾವು ಉಡುಪಿ ಹತ್ತಿರದ ಶಂಕರಪುರದವರು. ಇಲ್ಲಿ ಅಂಗಳದಲ್ಲಿ ಮಲ್ಲಿಗೆ ಇಲ್ಲದ ಮನೆ ಕಡಿಮೆ. ಜಿಐ, ಅಂದರೆ ಊರಿನ ಹೆಸರಿನ ವಿಶೇಷ ಬೆಳೆ ಎಂಬ ಮಾನ್ಯತೆ ಸಿಕ್ಕಿದ ಉಡುಪಿ ಮಲ್ಲಿಗೆ ಇದೇ. ನಮ್ಮ ಗಿಡಗಳನ್ನು ನೆಟ್ಟದ್ದು ಅತ್ತೆ. ಮೊಗ್ಗನ್ನು ಬೆಳಗ್ಗೆ ಬೇಗ ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಸುಮಾರು 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ದಿನದ ರೇಟು ಅಟ್ಟೆಯ ಲೆಕ್ಕದಲ್ಲಿ. ಮದುವೆ ಸೀಸನ್ನಿನಲ್ಲಿ ಏರುತ್ತದೆ, ಬೇರೆ ಸಮಯದಲ್ಲಿ ಇಳಿದು ಹೋಗುತ್ತದೆ. ಮಳೆಗಾಲದಲ್ಲಿ ಹೂವೇ ಕಡಿಮೆ. ಆದರೂ ಮಗನ ಪಿಯುಸಿ ಫೀಸು, ನನ್ನ ಮದ್ದು, ಅತ್ತೆಯ ಡಯಾಪರ್ ಎಲ್ಲ ಈ ದುಡ್ಡಿನಲ್ಲೇ ಆಗುತ್ತದೆ. ಕೊಯ್ಯುವುದು ತಪ್ಪಿಸಲು ಆಗುವುದಿಲ್ಲ. ಮೊಗ್ಗು ಬಿರಿದ ಮೇಲೆ ಅದನ್ನು ಕೇಳುವವರಿಲ್ಲ.

ಅತ್ತೆಗೆ ಪಾರ್ಶ್ವವಾಯು ಆಗಿ ಬಲಗೈ, ಬಲಗಾಲು ಬಿದ್ದುಹೋಯಿತು. ಮಾತು ನಿಧಾನವಾಯಿತು. ಬುದ್ಧಿ ಮಾತ್ರ ಹಾಗೆಯೇ ಚುರುಕಾಗಿದೆ. ಅವರನ್ನು ಎಬ್ಬಿಸಬೇಕು, ಕಕ್ಕಸಿಗೆ ಕೂರಿಸಬೇಕು, ಮೀಯಿಸಬೇಕು, ಬಟ್ಟೆ ಬದಲಿಸಬೇಕು, ಉಣ್ಣಿಸಬೇಕು. ಮಲಗಿರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಇದರಲ್ಲಿ ಮಣಿಕಟ್ಟು, ಬೆರಳು ಬೇಡದ ಕೆಲಸ ಯಾವುದು ಹೇಳಿ?

ನನಗೆ ಕಾಯಿಲೆ ಗೊತ್ತಾದದ್ದು ಇದರ ನಡುವೆ. ಮೊದಲು ತೋರಿಸಿದ ಕಡೆ ಎಕ್ಸ್‌ರೇ ತೆಗೆದರು, ಏನೂ ಇಲ್ಲ ಅಂದರು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು. ಇದನ್ನು ಓದುತ್ತಿರುವ ಯಾರಿಗಾದರೂ ಬೆಳಗ್ಗೆ ಹೊತ್ತು ಎರಡೂ ಕೈಯ ಬೆರಳ ಗಂಟು ಊದಿ, ಬಿಗಿದು, ಅದು ವಾರಗಟ್ಟಲೆ ಹೋಗದಿದ್ದರೆ, ಇಂಥ ಕೀಲುರೋಗ ನೋಡುವ ರುಮಟಾಲಜಿ ಡಾಕ್ಟರನ್ನೇ ಹುಡುಕಿ. ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಎಂಬ ಪರೀಕ್ಷೆಗಳನ್ನು ಮಾಡಿ ನೋಡುತ್ತಾರೆ. ಬೇಗ ಮದ್ದು ಶುರುವಾದರೆ ಕೀಲು ಹಾಳಾಗುವುದನ್ನು ತಡೆಯಬಹುದು. ಹೆಸರಿಲ್ಲದ ಪುಡಿ ಕೊಡುವವರ ಹತ್ತಿರ ಹೋಗಬೇಡಿ. ಅಂಥ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಎರಡು ದಿನ ನೋವು ಮಾಯವಾದ ಹಾಗೆ ಇರುತ್ತದೆ, ಒಳಗೆ ಮೂಳೆ, ಸಕ್ಕರೆ ಎಲ್ಲ ಕೆಡುತ್ತದೆ.

ಕಾಯಿಲೆ ಗೊತ್ತಾದ ಮೇಲೆ ಸಿಕ್ಕಿದ ಸಲಹೆ: ಭಾರ ಎತ್ತಬೇಡಿ, ಕೈಗೆ ರೆಸ್ಟ್ ಕೊಡಿ. ಹೇಳಿದವರು ಒಳ್ಳೆ ಮನಸ್ಸಿನಿಂದಲೇ ಹೇಳಿದರು. ಆದರೆ ಮನೆಯಲ್ಲಿ ಯಾರನ್ನು ಎತ್ತುತ್ತೀರಿ ಎಂದು ಕೇಳಲಿಲ್ಲ. ಚೀಟಿಯಲ್ಲಿ ನನ್ನ ವಯಸ್ಸು ಇದೆ, ತೂಕ ಇದೆ. ನನ್ನ ಮೇಲೆ ಭಾರ ಹಾಕಿ ಏಳುವ ಅತ್ತೆಯ ತೂಕ ಅದರಲ್ಲಿಲ್ಲ. ರೋಗಿ ಎಂದರೆ ಮಂಚದ ಮೇಲೆ ಇರುವವರು, ಮಂಚದ ಪಕ್ಕ ನಿಂತವರಿಗೆ ಮೈ ಚೆನ್ನಾಗಿರುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಮನೆಯವರೂ ಹಾಗೆಯೇ.

ನನ್ನ ಕೈಯ ಬಗ್ಗೆ ಮೊದಲು ಕೇಳಿದವರು ಅತ್ತೆಗೆ ವ್ಯಾಯಾಮ ಮಾಡಿಸಲು ಬಂದ ಫಿಸಿಯೋಥೆರಪಿಯ ಹುಡುಗಿ. ಅತ್ತೆಯ ಕೈ ಹಿಡಿದು ನಾನು ಮೇಲೆಳೆಯುವುದನ್ನು ನೋಡಿ, "ಅಕ್ಕ, ನಿಲ್ಲಿ. ನಿಮ್ಮ ಕೈ ತೋರಿಸಿ" ಅಂದಳು. ನನ್ನ ಮಣಿಕಟ್ಟು ಒತ್ತಿ ನೋಡಿದಳು. ಆಮೇಲೆ ಅತ್ತೆಯನ್ನು ಬಿಟ್ಟು ನನಗೇ ಪಾಠ ಮಾಡಿದಳು. ಬಿದ್ದುಹೋದ ಕೈಯನ್ನು ಹಿಡಿದು ಎಳೆಯಲೇಬಾರದು, ಭುಜದ ಕೀಲು ಜಾರುತ್ತದೆ. ಅವರ ಸೊಂಟಕ್ಕೆ ಅಗಲದ ಬೆಲ್ಟು ಕಟ್ಟಬೇಕು. ಕುರ್ಚಿಯನ್ನು ಅವರ ಗಟ್ಟಿ ಇರುವ ಎಡಬದಿಗೆ ಇಡಬೇಕು. ಅವರ ಪಾದ ನೆಲಕ್ಕೆ ಊರಿರಬೇಕು. ಅವರು ಮುಂದೆ ಬಾಗಿದಾಗ ನಾನು ಬೆರಳಿನಲ್ಲಿ ಹಿಡಿಯದೆ, ಮುಂಗೈಯನ್ನು ಬೆಲ್ಟಿನೊಳಗೆ ತೂರಿಸಿ, ಮಂಡಿ ಬಗ್ಗಿಸಿ, ಕಾಲಿನ ಬಲದಲ್ಲಿ ತಿರುಗಿಸಬೇಕು. ಹಾಸಿಗೆಯಲ್ಲಿ ಮೇಲಕ್ಕೆ ಸರಿಸಬೇಕಾದರೆ ಅಡ್ಡಕ್ಕೆ ಒಂದು ಬೆಡ್‌ಶೀಟ್ ಹಾಸಿ, ಇಬ್ಬರು ನಿಂತು, ಶೀಟನ್ನೇ ಎಳೆಯಬೇಕು.

"ಇಬ್ಬರು" ಎನ್ನುವುದನ್ನು ಅವಳು ನನ್ನ ಗಂಡನ ಮುಖ ನೋಡಿ ಹೇಳಿದಳು. ಅದಕ್ಕೆ ನಾನು ಅವಳಿಗೆ ಈಗಲೂ ಋಣಿ.

ಇವರು ಕೆಟ್ಟವರಲ್ಲ. ದಿನಾ ಹೇಳುತ್ತಿದ್ದರು, "ನಿನಗೆ ಆಗದಿದ್ರೆ ಹೇಳು, ನಾನು ಮಾಡ್ತೇನೆ" ಎಂದು. ಕೇಳಲು ಚೆಂದದ ಮಾತು ಅದು. ಆದರೆ ಯೋಚಿಸಿ ನೋಡಿ. ನೋವಿರುವವಳು ದಿನಾ ಬೆಳಗ್ಗೆ ಎದ್ದು, ಇವತ್ತು ನನಗೆ ಆಗುವುದಿಲ್ಲ ಎಂದು ತಾನೇ ಹೇಳಬೇಕು. ನಿನ್ನೆ ಆಗಿತ್ತಲ್ವಾ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಕೇಳಿದ್ದಕ್ಕೆ ಬೇಜಾರಾಯಿತೋ ಏನೋ ಎಂದು ಮುಖ ನೋಡಬೇಕು. ಅಷ್ಟೆಲ್ಲ ಮಾಡುವುದಕ್ಕಿಂತ ನೋವು ನುಂಗಿಕೊಂಡು ಎತ್ತುವುದೇ ಸುಲಭ. ನನ್ನಂಥ ಹೆಂಗಸರು ಹೆಚ್ಚಿನವರು ಅದನ್ನೇ ಮಾಡುತ್ತಾರೆ. ಕೇಳಿದರೆ ಮಾತ್ರ ಸಿಗುವ ಸಹಾಯಕ್ಕಿಂತ, ಕೇಳದೆಯೇ ನಡೆಯುವ ಚಿಕ್ಕ ಕೆಲಸ ಎಷ್ಟೋ ದೊಡ್ಡದು.

ಆದ್ದರಿಂದ ಕೆಲಸವನ್ನೇ ಹಂಚಿಬಿಡೋಣ ಎಂದೆ. ನನಗೆ ನೋವಿರಲಿ, ಇಲ್ಲದಿರಲಿ, ಅದು ಅವರವರ ಕೆಲಸ. ಬೆಳಗ್ಗೆ ಅತ್ತೆಯನ್ನು ಹಾಸಿಗೆಯಿಂದ ಎಬ್ಬಿಸಿ ಕಮೋಡ್ ಕುರ್ಚಿಗೆ ಕೂರಿಸುವುದು, ಕಾಫಿ ಮಾಡುವುದು ಇವರದ್ದು. ಕಾಯಿ ತುರಿಯುವುದು, ಹೂವನ್ನು ಕಟ್ಟೆಗೆ ಕೊಟ್ಟು ಬರುವುದು ಮಗನದ್ದು. ಬಟ್ಟೆ ಹಿಂಡುವುದು ಯಾರದ್ದೂ ಅಲ್ಲ, ಅದಕ್ಕೆ ಮಷಿನ್ ತಂದೆವು. ನನ್ನ ಮಣಿಕಟ್ಟಿಗೆ ಬಟ್ಟೆ ಹಿಂಡುವಷ್ಟು ಕೇಡು ಬೇರೆ ಯಾವುದರಿಂದಲೂ ಇಲ್ಲ. ಕುಚ್ಚಲಕ್ಕಿಯ ಪಾತ್ರೆ ಬಗ್ಗಿಸಿ ಗಂಜಿ ಬಸಿಯುವುದನ್ನೂ ನಿಲ್ಲಿಸಿದೆ. ಆ ಬಿಸಿ ಪಾತ್ರೆ ಕೈಜಾರಿದರೆ ಮುಗಿಯಿತು. ಈಗ ತೂತಿನ ಸೌಟಿನಲ್ಲಿ ಅನ್ನ ತೋಡಿ ತೆಗೆಯುತ್ತೇನೆ.

ದೊಡ್ಡ ಜಗಳ ಆದದ್ದು ಸ್ನಾನದ ವಿಷಯಕ್ಕೆ.

ಅತ್ತೆ ಜೀವಮಾನವಿಡೀ ಮಿಂದೇ ಕಾಫಿ ಕುಡಿದವರು. ಬಿದ್ದ ಮೇಲೂ ಅದೇ ಹಟ. ಅವರನ್ನು ಬೆಳಗ್ಗೆ ಆರೂವರೆಗೆ ಮೀಯಿಸಬೇಕು ಎಂದರೆ ನನ್ನ ಕೈ ಅತಿ ಕೆಟ್ಟದಾಗಿರುವ ಹೊತ್ತಿಗೆ ಅತಿ ಕಷ್ಟದ ಕೆಲಸ. ಒದ್ದೆ ನೆಲ, ಸೋಪಿನ ಮೈ, ನನ್ನ ಹಿಡಿತಕ್ಕೆ ಬಲವಿಲ್ಲ. ಜಾರಿದರೆ ಇಬ್ಬರೂ ಬೀಳುತ್ತೇವೆ. ನಾನು ಲೆಕ್ಕ ಹಾಕಿದೆ. ಬೆಳಗ್ಗೆ ಆಗಲೇಬೇಕಾದದ್ದು ಯಾವುದು? ಮೊಗ್ಗು ಕೊಯ್ಯುವುದು ಒಂದೇ. ಉಳಿದದ್ದೆಲ್ಲ ಹನ್ನೊಂದು ಗಂಟೆಗೆ ಆದರೂ ಯಾರಿಗೂ ನಷ್ಟವಿಲ್ಲ. ಹೀಗೆ ಹೇಳಿದಾಗ ಅತ್ತೆ ಮುಖ ತಿರುಗಿಸಿದರು. "ಮೀಯದೆ ಕಾಫಿಯಾ?" ಎಂದು ನಿಧಾನಕ್ಕೆ, ಒಂದೊಂದೇ ಶಬ್ದ ಹೇಳಿದರು. ನಾದಿನಿ ಫೋನಿನಲ್ಲಿ, "ಅಮ್ಮನ ಇಷ್ಟು ದಿನದ ಕ್ರಮ ತಪ್ಪಿಸಬೇಕಾ?" ಅಂದಳು.

ನಾನು ಅತ್ತೆಯ ಎಡಗೈ ತೆಗೆದು ನನ್ನ ಮಣಿಕಟ್ಟಿನ ಮೇಲಿಟ್ಟೆ. ಬೆಳಗ್ಗೆಯ ಹೊತ್ತು, ಊದಿ ಬಿಸಿಯಾಗಿತ್ತು. ಏನೂ ಹೇಳಲಿಲ್ಲ. ಅವರು ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟಿದ್ದರು. ಮರುದಿನ ಮುಖ ತೊಳೆಸಿದ ಮೇಲೆ ಕಾಫಿ ಕುಡಿದರು. ಅದು ಅವರಿಗೆ ಸಣ್ಣ ವಿಷಯ ಆಗಿರಲಿಲ್ಲ ಎಂದು ನನಗೆ ಗೊತ್ತು. ನನಗಾಗಿ ಆ ಮನೆಯಲ್ಲಿ ಯಾರಾದರೂ ಮಾಡಿದ ದೊಡ್ಡ ತ್ಯಾಗ ಅದು ಎಂದೇ ನಾನು ನಂಬಿದ್ದೇನೆ.

ಈಗ ನಮ್ಮ ದಿನ ಹೀಗಿದೆ. ಎದ್ದ ಕೂಡಲೇ ಬಕೆಟ್ಟಿನ ಬಿಸಿನೀರಿನಲ್ಲಿ ಎರಡೂ ಕೈ ಮುಳುಗಿಸಿ, ಬೆರಳು ಮಡಚಿ ಬಿಡಿಸುತ್ತಾ ಕೂರುತ್ತೇನೆ. ಆಮೇಲೆ ಗಿಡದ ಹತ್ತಿರ ಹೋಗುತ್ತೇನೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಚಿವುಟುವುದೇ ನನಗೆ ಕಷ್ಟ. ಅದಕ್ಕೆ ಆಗಾಗ ಕೈ ಬದಲಿಸುತ್ತೇನೆ. ಬುಟ್ಟಿಯನ್ನು ಕೈಯಲ್ಲಿ ಹಿಡಿಯುವುದಿಲ್ಲ, ಕುತ್ತಿಗೆಯಿಂದ ಇಳಿಬಿಟ್ಟ ಬಟ್ಟೆ ಚೀಲಕ್ಕೆ ಹಾಕುತ್ತೇನೆ. ಕಟ್ಟುವುದು ಪಕ್ಕದ ಮನೆಯ ಅಕ್ಕ ಮತ್ತು ನಾನು. ಅತ್ತೆ ಕುರ್ಚಿಯಲ್ಲಿ ಕೂತು ಎಡಗೈಯಲ್ಲಿ ಮೊಗ್ಗುಗಳ ತೊಟ್ಟು ಒಂದೇ ಕಡೆಗೆ ಬರುವ ಹಾಗೆ ತಟ್ಟೆಯಲ್ಲಿ ಜೋಡಿಸಿಕೊಡುತ್ತಾರೆ. ನಮ್ಮ ಬೀದಿಯಲ್ಲೇ ಅತಿ ವೇಗವಾಗಿ ಹೂ ಕಟ್ಟುತ್ತಿದ್ದವರು ಅವರು. ಈಗಲೂ ನನ್ನ ಗಂಟು ಸಡಿಲವಾದರೆ ತಟ್ಟೆಯ ಮೇಲೆ ಬೆರಳು ಬಡಿಯುತ್ತಾರೆ. ಹನ್ನೊಂದು ಗಂಟೆಗೆ ಸ್ನಾನ. ಆಗ ನನ್ನ ಕೈಗೆ ಬಲ ಬಂದಿರುತ್ತದೆ, ನೀರೂ ಬಿಸಿಲಿಗೆ ಬೆಚ್ಚಗಾಗಿರುತ್ತದೆ.

ಮದ್ದಿಗೂ ಇದೇ ಲೆಕ್ಕ. ನನಗೆ ಕೊಟ್ಟಿರುವುದು ಮೆಥೋಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ಇದನ್ನು ತಪ್ಪಿ ದಿನಾ ನುಂಗಿ ಜೀವ ಕಳೆದುಕೊಂಡವರಿದ್ದಾರೆ, ಆದ್ದರಿಂದ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ "ಶನಿವಾರ" ಎಂದು ಬರೆದಿದ್ದೇನೆ. ಅದರ ಜೊತೆಗೆ ಕೊಡುವ ಫೋಲಿಕ್ ಆಸಿಡ್ ವಿಟಮಿನ್ ಬೇರೆ ದಿನ. ಕೆಲಸ ಮಾಡಲು ಆರರಿಂದ ಹನ್ನೆರಡು ವಾರ ಬೇಕು, ಆದ್ದರಿಂದ ಹದಿನೈದು ದಿನಕ್ಕೇ ಏನೂ ಆಗಲಿಲ್ಲ ಎಂದು ಬಿಡಬಾರದು. ಲಿವರ್ ಮತ್ತು ರಕ್ತಕಣದ ಪರೀಕ್ಷೆ ಆಗಾಗ ಮಾಡಿಸಲೇಬೇಕು. ಮಾತ್ರೆ ತೆಗೆದುಕೊಂಡ ಮರುದಿನ ನನಗೆ ವಾಕರಿಕೆ, ಸುಸ್ತು. ಮೊದಲು ಬುಧವಾರ ತಗೊಳ್ಳುತ್ತಿದ್ದೆ. ಗುರುವಾರ ಮನೆಯಲ್ಲಿ ನಾನೊಬ್ಬಳೇ. ಡಾಕ್ಟರ ಹತ್ತಿರ ಕೇಳಿ ದಿನ ಬದಲಿಸಿಕೊಂಡೆ. ಭಾನುವಾರ ಇವರು ಮನೆಯಲ್ಲಿರುತ್ತಾರೆ. ತಾಯಿಯನ್ನು ಮಗ ಮೀಯಿಸುವುದು ಅತ್ತೆಗೆ ಒಪ್ಪಿಗೆಯಿಲ್ಲ. ಅದು ಅವರ ಮರ್ಯಾದೆಯ ಮಾತು, ನಾನು ಒತ್ತಾಯ ಮಾಡುವುದಿಲ್ಲ. ಭಾನುವಾರ ಪೂರ್ತಿ ಸ್ನಾನವಿಲ್ಲ. ಇವರು ಮುಖ, ಕೈ, ಕಾಲು ಒರೆಸುತ್ತಾರೆ, ತಲೆ ಬಾಚುತ್ತಾರೆ. ಉಳಿದದ್ದನ್ನು ನಾನು ಸಂಜೆಗೆ ನೋಡಿಕೊಳ್ಳುತ್ತೇನೆ.

ಊರಿನವರ ಸಲಹೆಗಳ ಬಗ್ಗೆ ಒಂದು ಮಾತು. ಬದನೆ ವಾಯು, ಗುಳ್ಳ (ನಮ್ಮ ಕಡೆಯ ದುಂಡು ಬದನೆ) ಮುಟ್ಟಲೇಬೇಡ ಎಂದು ಎಷ್ಟೋ ಜನ ಹೇಳಿದರು. ಮಟ್ಟು ಗುಳ್ಳ ಬೆಳೆಯುವ ಊರು ನಮಗೆ ಕೂಗಳತೆ ದೂರ. ಗುಳ್ಳದ ಹುಳಿ ಇಲ್ಲದೆ ನಮ್ಮಲ್ಲಿ ಊಟವಾ? ಡಾಕ್ಟರನ್ನು ಕೇಳಿದೆ. ಬದನೆಯಿಂದ ಈ ಕಾಯಿಲೆ ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ, ತಿನ್ನಿ ಅಂದರು. ತಿನ್ನುತ್ತೇನೆ. ನೋವಿರುವವರ ತಟ್ಟೆಯಿಂದ ಇಷ್ಟದ ಒಂದು ಪದಾರ್ಥ ತೆಗೆಯುವ ಮುಂಚೆ ಕಾರಣ ಗಟ್ಟಿ ಇರಬೇಕು.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಸುದ್ದಿ ಓದಿದ್ದೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಮನೆಯವರ ಆರೈಕೆಯ ಲೆಕ್ಕ ಬೇರೆ: 137 ನಿಮಿಷ, 75 ನಿಮಿಷ. ಈ ನಿಮಿಷಗಳಲ್ಲಿ ಎಷ್ಟು ಊದಿದ ಕೈಯವರದ್ದು ಎಂದು ಅಲ್ಲಿ ಕೇಳಿಲ್ಲ. ನಾನು ಲೈಟ್ ಸ್ವಿಚ್ಚನ್ನು ಮೊಣಕೈಯಿಂದ ಒತ್ತುವ ದಿನಗಳಿವೆ. ಅಂಥ ದಿನ ಅತ್ತೆಯ ರವಿಕೆಯ ಒಂದು ಹುಕ್ಕಿಗೇ ಎಷ್ಟು ಹೊತ್ತು ಬೇಕು! ಕೊನೆಗೆ ಹುಕ್ಕು ತೆಗೆಸಿ ಎಲ್ಲಕ್ಕೂ ವೆಲ್ಕ್ರೋ ಪಟ್ಟಿ ಹೊಲಿಸಿದೆ. ಟೈಲರ್‌ಗೆ ವಿಚಿತ್ರ ಅನ್ನಿಸಿತು, ಅತ್ತೆಗೆ ಖುಷಿಯಾಯಿತು. ಎಡಗೈಯಿಂದ ತಾವೇ ಹಾಕಿಕೊಳ್ಳಬಹುದಲ್ವಾ.

ಇಷ್ಟೆಲ್ಲ ಮಾಡಿದರೂ ನೋವು ಕೆರಳುವ ದಿನಗಳು ಬರುತ್ತವೆ. ಹೇಳದೆ ಬರುತ್ತವೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನನಗೆ ಹೆಚ್ಚು. ಆಗ ಪಾದದ ಬೆರಳೂ ನೋಯುತ್ತದೆ, ಅತ್ತೆಯ ಕೋಣೆಗೆ ನಡೆಯುವುದೇ ಸಾಕಾಗುತ್ತದೆ. ಆ ಸಮಯದಲ್ಲಿ ಹೂ ಕಡಿಮೆ ಇರುವುದು ನಮ್ಮ ಪುಣ್ಯ. ಅಂಥ ದಿನಕ್ಕೆ ಏನು ಮಾಡಬೇಕು ಎಂಬುದನ್ನೂ ಮೊದಲೇ ಮಾತಾಡಿ ಇಟ್ಟಿದ್ದೇವೆ. ಗಂಜಿ, ಚಟ್ನಿ, ಉಪ್ಪಿನಕಾಯಿ ಸಾಕು. ಮಗ ಕಾಲೇಜಿಗೆ ಹೋಗುವ ಮುಂಚೆ ಅಜ್ಜಿಯ ಮಗ್ಗುಲು ಬದಲಿಸಿ ಹೋಗುತ್ತಾನೆ. ಪಕ್ಕದ ಮನೆ ಅಕ್ಕ ಮಧ್ಯಾಹ್ನ ಬಂದು ನೋಡುತ್ತಾರೆ. ನಾನು ಅತ್ತೆಯ ಕೋಣೆಯಲ್ಲೇ ಚಾಪೆ ಹಾಸಿ ಮಲಗುತ್ತೇನೆ. ಅವರು ಕರೆದರೆ ಕೇಳಬೇಕು, ಅಷ್ಟೇ. ಬೇರೆ ಕೆಲಸವಿಲ್ಲ.

ಇಷ್ಟರಲ್ಲೇ ನನ್ನ ತಪಾಸಣೆ ಇದೆ. ಶಂಕರಪುರದಿಂದ ಕಟಪಾಡಿಗೆ, ಅಲ್ಲಿಂದ ಉಡುಪಿಗೆ, ಮತ್ತೆ ಮಣಿಪಾಲಕ್ಕೆ ಬಸ್ಸು. ಅವತ್ತು ನಾದಿನಿ ಬಂದು ಅತ್ತೆಯ ಹತ್ತಿರ ಇರುತ್ತಾಳೆ. ಹನ್ನೊಂದು ಗಂಟೆಯ ಸ್ನಾನವನ್ನು ಅವಳೇ ಮಾಡಿಸಬೇಕು, ಬೆಲ್ಟು ಕಟ್ಟುವುದನ್ನು ವಿಡಿಯೋ ಮಾಡಿ ಕಳಿಸಿದ್ದೇನೆ. ಇವರು ನನ್ನ ಜೊತೆ ಬರುತ್ತಾರೆ. ಡಾಕ್ಟರಿಗೆ ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ರಾತ್ರಿ ಮಣಿಕಟ್ಟಿಗೆ ಆಧಾರವಾಗಿ ಹಾಕುವ ಪಟ್ಟಿ (ಸ್ಪ್ಲಿಂಟ್) ಬೇರೆ ಸೈಜು ಬೇಕಾ? ಎಡ ಹೆಬ್ಬೆರಳಿನ ಬುಡದಲ್ಲಿ ಹೊಸದಾಗಿ ಊದಿದೆ, ಮದ್ದು ಹೆಚ್ಚಿಸಬೇಕಾ? ಚೀಟಿಯ ಮೇಲ್ಗಡೆ, ನನ್ನ ಹೆಸರಿನ ಕೆಳಗೆ, ಅತ್ತೆಯ ತೂಕವನ್ನೂ ಬರೆದಿದ್ದೇನೆ.